ಮಾವನ ಹಾಜರಿ, ಅತ್ತೆಯ ವೋಟು

ನಮ್ಮ ಸೋದರಮಾವ ಮೇಲೆ ಹೋದ ದಿನ ಯಮಧರ್ಮನ ಸಭೆಯಲ್ಲೂ ಹಾಜರಿ ಕೂಗಿರ್ತಾರೆ. ಈ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ! ಚಿತ್ರಗುಪ್ತನಿಗೇ "ಎದ್ದು ನಿಂತ್ಕೊಂಡು ಹೇಳಯ್ಯಾ" ಅಂದಿದ್ದರೂ ಅಂದಿರಬಹುದು.

ಮಾರೇನಹಳ್ಳಿಗೆ ಕೂಗಳತೆ ದೂರದ ಹಳ್ಳಿಯೊಂದರಲ್ಲಿ ಅವರು ಪ್ರೈಮರಿ ಸ್ಕೂಲ್ ಮೇಷ್ಟ್ರು. ಈಗ ಅಲ್ಲಿ ಕಾಲಿಡೋಕೆ ಜಾಗ ಇಲ್ಲ, ಆಗ ಎಲ್ಲಿ ನೋಡಿದರೂ ರಾಗಿ ಹೊಲ. ಸ್ಕೂಲಿಗೆ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ನಾನು ಓದೋಕೆ ಅಂತ ಅವರ ಮನೆಯಲ್ಲೇ ಇದ್ದೆ.

ಮಾವನಿಗೆ ಎಲ್ಲಿ ನಾಲ್ಕು ಜನ ಕಂಡರೂ ಹಾಜರಿ ಕೂಗಬೇಕು. ಒಂದು ಸಲ ಬೀಗರ ಊಟದ ಪಂಕ್ತಿಯಲ್ಲಿ ಶುರು ಹಚ್ಕೊಂಡರು ನೋಡಿ, ಮದುವೆಗಂಡೇ ಎಂಜಲು ಕೈಯಲ್ಲಿ ಎದ್ದು ನಿಂತು "ಹಾಜರ್ ಸಾರ್" ಅಂದುಬಿಟ್ಟ! ಹಳೇ ಶಿಷ್ಯ, ಪಾಪ. ಆದರೆ ಮಾವ ಯಾರಿಗೂ ಸುಲಭಕ್ಕೆ ಗೈರುಹಾಜರಿ ಬರೀತಿರಲಿಲ್ಲ. ದನ ಮೇಯೋಕೆ ಹೊಡೆದು ಬಿಟ್ಟು ತಡವಾಗಿ ಬರೋ ಮಕ್ಕಳ ಹೆಸರಿನ ಮುಂದೆ ಸಣ್ಣದೊಂದು ಚುಕ್ಕೆ ಇಟ್ಟು, "ಬರ್ತಾನೆ ಬಿಡು" ಅಂತ ಸಂಜೆ ಗಂಟೆವರೆಗೂ ಕಾಯೋರು.

ಅವರು ಕೂಗದೇ ಇದ್ದದ್ದು ಒಂದೇ ಹೆಸರು, ಅತ್ತೆಯದು. ಆಗಿನ ಗಂಡಸರು ಹೆಂಡತಿಯನ್ನ ಹೆಸರು ಹಿಡಿದು ಕರೆಯೋದುಂಟಾ? "ಏನೇ", "ಇಲ್ನೋಡೇ", ಅಷ್ಟೇ. ಮನೆಯ ಊಟದ ಹಾಜರಿ ಮುಗಿದ ಮೇಲೆ ಒಲೆ ಮುಂದಿನಿಂದ ಅತ್ತೆಯ ದನಿ ಬರೋದು.

"ನಾನೂ ಒಬ್ಬಳು ಇದೀನಿ ಮೇಷ್ಟ್ರೇ, ನನ್ನದೂ ಬರ್ಕೊಳ್ಳಿ!"

ಮಾವ ಕಿವಿ ಕೆಂಪಗೆ ಮಾಡ್ಕೊಂಡು ಮುದ್ದೆ ಮುರಿಯೋರು.

ಸ್ಕೂಲಿನ ಯಾವ ಪುಸ್ತಕದಲ್ಲೂ ಅತ್ತೆಯ ಹೆಸರಿರಲಿಲ್ಲ. ಆದರೆ ಊರ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸ್ತಾ ಇದ್ದದ್ದು ಅವರೇ! ಗಂಡುಹುಡುಗರ ಜತೆ ಕೂರಿಸೋಕೆ ಊರೋರು ಒಪ್ಪಲಿಲ್ಲ ಅಂತ ಜಗಲಿ ಮೇಲೆ ಕೂರಿಸಿ ಕಲಿಸೋರು. ಸಂಬಳ ಇಲ್ಲ, ಸೀಮೆಸುಣ್ಣದ ಖರ್ಚಿಗೆ ಸಾದಿಲ್ವಾರು ಇಲ್ಲ, ಮಳೆ ಬಂದರೆ ಪಾಠವೂ ಇಲ್ಲ. ಹೆಣ್ಣುಮಕ್ಕಳಿಗೆ ಒಂದು ಕೋಣೆ, ಒಬ್ಬ ಟೀಚರಮ್ಮ ಕೊಡಿ ಅಂತ ಮಾವ ಅರ್ಜಿ ಬರೆದೂ ಬರೆದೂ ಸುಸ್ತಾಗಿದ್ದರು.

ಅಷ್ಟರಲ್ಲಿ ದೇಶದ ಮೊದಲನೇ ಚುನಾವಣೆ ಬಂತು. ಮಾವನ ಕುಣಿತ ನೋಡಬೇಕಿತ್ತು!

"ಇನ್ಮೇಲೆ ಸ್ಕೂಲಿಗೆ ಕೋಣೆ ಕೊಡೋರು ಯಾರು ಗೊತ್ತೇನೇ? ನಾವು ಆರಿಸಿ ಕಳಿಸೋರು! ಅರ್ಜಿಗೆ ಮರ್ಯಾದೆ ಇಲ್ಲ, ವೋಟಿಗಿದೆ!"

"ನಾನೂ ಹಾಕಬಹುದಾ?" ಅಂದರು ಅತ್ತೆ.

"ಹಾಕಬಹುದಾ ಅಂತೀಯಲ್ಲ! ಹಾಕಲೇಬೇಕು!"

ಮತದಾರರ ಪಟ್ಟಿ ಬರೆಯೋ ಕೆಲಸ ಮೇಷ್ಟ್ರ ತಲೆಗೇ ಬಂತು. ಮನೆಮನೆಗೂ ಹೋದರು. ಹೆಂಗಸರು ಹೆಸರು ಹೇಳಲೊಲ್ಲರು. ಒಬ್ಬಾಕೆ "ತಿಮ್ಮನ ಅವ್ವ ಅಂತ ಬರ್ಕೊಳಿ" ಅಂದರೆ, ಇನ್ನೊಬ್ಬಾಕೆ ಬಾಗಿಲ ಹಿಂದೆ ನಿಂತು "ನಮ್ಮ ಯಜಮಾನ್ರನ್ನೇ ಕೇಳಿ" ಅಂತಾಳೆ. ಮಾವ ಜಗಳ ಆಡಿದರು, ಕೈ ಮುಗಿದರು, ಒಬ್ಬ ಮುದುಕಿಯ ಮುಂದೆ ಉಪವಾಸ ಕೂರ್ತೀನಿ ಅಂತ ಹೆದರಿಸಿದರು. ಕೊನೆಗೆ ಊರ ಹೆಂಗಸರ ಹೆಸರನ್ನೆಲ್ಲ ಹಿಡಿದು ತಂದರು.

ಚುನಾವಣೆ ದಿನ ಮಾವನಿಗೆ ಸುಂಕದಕಟ್ಟೆ ಕಡೆ ಡ್ಯೂಟಿ. ಅತ್ತೆ ಧಾರೆ ಸೀರೆ ಉಟ್ಕೊಂಡು ನನ್ನನ್ನೂ ಕರ್ಕೊಂಡು ಹೋದರು. ವೋಟಿನ ಸಾಲಲ್ಲಿ ಎರಡು ಗಂಟೆ ನಿಂತರು. ಅಲ್ಲಿದ್ದ ಅಧಿಕಾರಿ ಪಟ್ಟಿ ಮೇಲಿಂದ ಕೆಳಗೆ ನೋಡಿ "ನಿಮ್ಮ ಹೆಸರಿಲ್ಲವಲ್ಲಮ್ಮ" ಅಂದರು. "ಮೇಷ್ಟ್ರ ಮನೆಯವರು ಅಂತ ಒಂದು ಇದೆ. ಹೆಸರಿಲ್ಲ ಅಂತ ಹೊಡೆದು ಹಾಕಿದಾರೆ."

ಹೌದು ಸ್ವಾಮಿ! ಊರೋರ ಹೆಂಡಿರ ಹೆಸರಿಗೆಲ್ಲ ಜಗಳ ಆಡಿದ ಮಹಾನುಭಾವ ತನ್ನ ಹೆಂಡತಿಯ ಹೆಸರು ಬರೆಯೋವಾಗ ನಾಚಿಕೊಂಡುಬಿಟ್ಟಿದ್ದರು!

ಸಂಜೆ ಮಾವ ನಗ್ತಾ ಬಂದರು. ಸುಂಕದಕಟ್ಟೆಯಲ್ಲಿ ಹೆಸರು ಕೂಗಿದ್ದಕ್ಕೆ ಒಬ್ಬ ತಾತ ಕೈಕಟ್ಟಿ ನಿಂತು "ಹಾಜರ್ ಸಾರ್" ಅಂದನಂತೆ. ಅತ್ತೆ ನಗಲಿಲ್ಲ. ಧಾರೆ ಸೀರೆ ಇನ್ನೂ ಬಿಚ್ಚಿರಲಿಲ್ಲ.

"ಊರವರ ಹೆಸರೆಲ್ಲ ಬರೆದ್ರಿ. ನನ್ನದು ನಿಮಗೆ ಗೊತ್ತಿರ್ಲಿಲ್ವಾ?"

ಆ ದಿನ ಮಾವ ಊಟದ ಹಾಜರಿ ಕೂಗಲಿಲ್ಲ.

ಮುಂದಿನ ಪಟ್ಟಿಗೆ ಅವರು ಮೊದಲು ಬರೆದದ್ದೇ ಅತ್ತೆಯ ಹೆಸರು. ಅಚ್ಚಾಗಿ ಬಂದಾಗ ತಂದು ತೋರಿಸಿದರು. ಅತ್ತೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಅಕ್ಷರದ ಮೇಲೆ ಬೆರಳಾಡಿಸಿ, "ಅಷ್ಟು ದೊಡ್ಡ ವಿಧಾನಸೌಧ ಕಟ್ಟಿದಾರಂತೆ, ನಮಗೊಂದು ಕೋಣೆ ಕಟ್ಟಲ್ವಾ? ಈ ಸಲ ಕೇಳೇ ಬಿಡ್ತೀನಿ" ಅಂದರು. ಎರಡನೇ ಚುನಾವಣೆಗೆ ಇನ್ನೂ ಮೂರು ತಿಂಗಳಿತ್ತು. ಅತ್ತೆ ಜ್ವರ ಅಂತ ಮಲಗಿದವರು ಏಳಲಿಲ್ಲ. (ಕೋಣೆ ಕೊನೆಗೂ ಬಂತು, ಟೀಚರಮ್ಮನೂ ಬಂದರು. ನೋಡೋಕೆ ಅವರಿರಲಿಲ್ಲ.)

ಎರಡನೇ ಸಲ ಮಾವನಿಗೆ ನಮ್ಮೂರ ಸ್ಕೂಲಲ್ಲೇ ಡ್ಯೂಟಿ, ಪಟ್ಟಿ ನೋಡಿ ಹೆಸರು ಕೂಗೋ ಕೆಲಸ. ನನಗೂ ಇಪ್ಪತ್ತೊಂದು ತುಂಬಿತ್ತು, ಬೆಳಿಗ್ಗೆಯೇ ವೋಟು ಹಾಕಿದೆ. ಜಗಲಿಯಲ್ಲಿ ಅಕ್ಷರ ಕಲಿತ ಹುಡುಗಿಯರ ತಾಯಂದಿರೂ ಬಂದು, ತಮ್ಮ ಹೆಸರು ತಾವೇ ಹೇಳಿ ಹಾಕಿದರು.

ಸಂಜೆ ಮಾವನಿಗೆ ಕಾಫಿ ತಗೊಂಡು ಹೋದೆ. ಜನ ಖಾಲಿಯಾಗಿದ್ದರು. ಮಾವ ಪಟ್ಟಿ ಬಿಡಿಸಿಕೊಂಡು, ಬಾರದೇ ಉಳಿದವರ ಹೆಸರನ್ನ ಒಂದೊಂದಾಗಿ ಕೂಗ್ತಾ ಇದ್ದರು. ಅಭ್ಯಾಸ ಬಿಡುತ್ತಾ? ಬೇರೆ ಊರಿಂದ ಬಂದಿದ್ದ ಮತಗಟ್ಟೆ ಅಧಿಕಾರಿ ನಗ್ತಾ ಕೂತಿದ್ದರು. ಮಾವ ಒಂದು ಹೆಸರಿಗೆ ಬಂದು ನಿಂತರು. ಗಂಟಲು ಸರಿ ಮಾಡಿಕೊಂಡರು.

"ಪುಟ್ಟಗೌರಮ್ಮ."

ನಾನು ಅವರ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು.

"ಪುಟ್ಟಗೌರಮ್ಮ..."

ನಾನಾದರೂ ಹಾಜರ್ ಅನ್ನೋಣ ಅಂದ್ಕೊಂಡೆ. ಅಷ್ಟರಲ್ಲಿ ಮಾವ ಪೆನ್ಸಿಲ್ ತಗೊಂಡು ಆ ಹೆಸರಿನ ಮುಂದೆ ಸಣ್ಣದೊಂದು ಚುಕ್ಕೆ ಇಟ್ಟರು.

"ಆಯ್ತಲ್ಲ ಮೇಷ್ಟ್ರೇ? ಪೆಟ್ಟಿಗೆಗೆ ಸೀಲ್ ಹಾಕೋಣ್ವಾ?" ಅಂದರು ಅಧಿಕಾರಿ.

"ಒಂದ್ನಿಮಿಷ ಇರಿ ಸಾರ್. ಇನ್ನೊಬ್ಬರು ಬರಬೇಕು."

ಆ ಅಧಿಕಾರಿಗೇನು ಗೊತ್ತು, ಪಾಪ! ಗಡಿಯಾರ ನೋಡಿಕೊಂಡು, ಅವರೂ ಬಾಗಿಲ ಕಡೆ ತಿರುಗಿ ಕಾದರು.