ಉಜ್ಜಪ್ಪನ ವೀಳ್ಯ ನಾನು ತಿಂದದ್ದು

"ನಾನು ಪಕ್ಕದಲ್ಲಿ ಕೂತರೆ ಉಜ್ಜಪ್ಪನನ್ನು ನಗಿಸಲು ಆ ಬ್ರಹ್ಮನಿಂದಲೂ ಆಗದು!" ಎಂದು ಅವನ ತಾಯಿ ತಿಮ್ಮಮ್ಮನವರ ಮುಂದೆ ಘೋಷಿಸಿದವನು ನಾನೇ. ೧೯೫೮ರ ಮಾತು. ಶಿಕಾರಿಪುರದ ನನ್ನ ಗೆಳೆಯ ಉಜ್ಜಪ್ಪನಿಗೆ ಸೊರಬದಲ್ಲಿ ಹೆಣ್ಣು ನೋಡುವುದಿತ್ತು. ಹಿಂದೆ ಎರಡು ಮನೆಗಳಲ್ಲಿ ಹುಡುಗಿ ಬಂದು ಕೂತ ಕೂಡಲೇ ಏನೋ ತಮಾಷೆ ಮಾಡಿ ಸಂಬಂಧ ಕೆಡಿಸಿಕೊಂಡಿದ್ದ.

"ಇದೂ ತಪ್ಪಿದ್ರೆ ಇವನಿಗೆ ಹೆಣ್ಣು ಕೊಡೋರು ಯಾರಪ್ಪಾ?" ಎಂದು ಆಕೆ ಕಣ್ಣೊರೆಸಿಕೊಂಡಿದ್ದರು.

ಉಜ್ಜಪ್ಪ ಹೋದ ತಿಂಗಳು ತೀರಿಕೊಂಡ. ಅವನ ಬಗ್ಗೆ ನಾಲ್ಕು ದುಃಖದ ಮಾತು ಬರೆಯಲು ಕೂತೆ. ಆಗಲಿಲ್ಲ. ನೆನಪಾಗುವುದೆಲ್ಲ ಇಂಥದ್ದೇ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಉಪದೇಶ ಮಾಡಿದೆ.

"ಅಲ್ಲಿ ನಗಬಾರದು."

"ಹುಡುಗಿ ನಕ್ಕರೆ?"

"ಆಗಲೂ ನಗಬಾರದು!"

"ನನಗೆ ಜೊತೇಲಿ ನಗೋಳು ಬೇಕು ಮಾರಾಯ. ನೀನು ಹೇಳಿದಂಗೆ ಕೂತ್ರೆ ನಿನ್ನಂಥೋಳೇ ಗಂಟು ಬೀಳ್ತಾಳೆ!"

ಹುಡುಗಿಯ ತಂದೆ ವೀರಬಸಪ್ಪನವರು ಹೊಸ ಬಿಳಿ ಅಂಗಿ ತೊಟ್ಟು ಎದುರಿಗೇ ಕೂತಿದ್ದರು. ಉಪ್ಪಿಟ್ಟು, ಕಾಫಿ ಮುಗಿಯಿತು. ಹುಡುಗಿ ವರದಮ್ಮ ತಾನೇ ಮಡಿಚಿ ಲವಂಗ ಚುಚ್ಚಿದ ವೀಳ್ಯದ ತಟ್ಟೆ ತಂದಳು. ಉಬ್ಬಿದ ವೀಳ್ಯವೊಂದು ಉಜ್ಜಪ್ಪನ ಕೈಗೇ ಸಿಗುವಂತೆ ತಟ್ಟೆ ತಿರುಗಿಸಿ ಹಿಡಿದಳು. ಅವನು ಅದನ್ನೂ ನೋಡಿದ, ಅವಳನ್ನೂ ನೋಡಿದ. ಬಹು ವಿನಯದಿಂದ ನನಗೆ ನೀಡಿದ.

"ನೀವು ಹಿರಿಯರು. ಮೊದಲು ತಗೊಳ್ಳಿ."

ಆಹಾ! ನನ್ನ ಉಪದೇಶ ಇಷ್ಟು ಬೇಗ ಫಲ ಕೊಟ್ಟಿತೇ! ಹೆಮ್ಮೆಯಿಂದ ಬಾಯಿಗಿಟ್ಟು ಚೆನ್ನಾಗಿ ಜಗಿದೆ.

ಒಳಗೆ ಸೂಜಿಮೆಣಸು!

ಕಿವಿಯಿಂದ ಹೊಗೆ ಬಂತು. "ಅಯ್ಯಯ್ಯೋ!" ಎಂದು ನೆಗೆದೆ. ಬಾಯಲ್ಲಿದ್ದುದೆಲ್ಲ ವೀರಬಸಪ್ಪನವರ ಅಂಗಿಯ ಮೇಲೆ ಚಿತ್ತಾರವಾಯಿತು. ನೀರಿನ ಚೊಂಬಿಗೆ ಕೈ ಹಾಕಿದೆ. ಚೊಂಬು ಅವರ ಮಡಿಲಿಗೇ ಮಗುಚಿತು!

ವರದಮ್ಮ ಓಡಿಹೋಗಿ ಬೆಲ್ಲ ತಂದಳು. ಕೊಡುವಾಗ, "ಅದು ನಿಮಗೆ ಮಾಡಿದ್ದಲ್ಲ ಅಣ್ಣಾ," ಎಂದು ಪಿಸುಗುಟ್ಟಿದಳು. ಸೆರಗಿನ ಮರೆಯಲ್ಲಿ ಅವಳ ಭುಜ ಕುಲುಕುತ್ತಿತ್ತು. ಅತ್ತ ಮುಖ ಕಲ್ಲು ಮಾಡಿಕೊಂಡಿದ್ದ ಉಜ್ಜಪ್ಪನ ಭುಜವೂ ಕುಲುಕುತ್ತಿತ್ತು. ಮನೆಮಂದಿಯ ಕಣ್ಣೆಲ್ಲ ನನ್ನ ಮೇಲಿದ್ದುದರಿಂದ ಯಾರೂ ಗಮನಿಸಲಿಲ್ಲ. ಅವರಿಬ್ಬರ ಒಪ್ಪಿಗೆ ಅಲ್ಲೇ ಆಗಿಹೋಗಿತ್ತು.

ಆದರೆ ವೀರಬಸಪ್ಪನವರು ಎದ್ದು ನಿಂತರು. ಮುಗಿಯಿತು! ತಿಮ್ಮಮ್ಮನವರಿಗೆ ಯಾವ ಮುಖ ತೋರಿಸಲಿ?

"ಹುಡುಗ ನಮಗೆ ಒಪ್ಪಿಗೆ," ಎಂದರು. "ಇಷ್ಟೆಲ್ಲ ಆದರೂ ಒಂದು ಸಲ ನಗಲಿಲ್ಲ. ಎಂಥ ಗಾಂಭೀರ್ಯ! ಒಂದೇ ಮಾತು, ಉಜ್ಜಪ್ಪನವರೇ. ಈ ಕೋಡಂಗಿಯ ಸಹವಾಸ ಬಿಡಬೇಕು."

ಉಜ್ಜಪ್ಪ ತಲೆ ಬಗ್ಗಿಸಿ ನಿಟ್ಟುಸಿರು ಬಿಟ್ಟ.

"ತಿದ್ದೋಕೆ ಬಹಳ ನೋಡ್ದೆ ಮಾವಾ. ಆಗ್ತಿಲ್ಲ."