ಕೌಂಟರ್ ಇಲ್ಲಂದ್ರ ಇಲ್ಲ ಅನ್ರಿ

“ಇಲ್ಲ ಅನ್ನಲಿಕ್ಕಿ ಕಲೀರಿ. ಮಂದಿಗಿ ಸುಮ್ಮ ಕುಂದರಿಸಬ್ಯಾಡ್ರಿ.”

ನನ್ನ ಹೆಂಡತಿ ನನಗೆ ಹೇಳಿದ ಕಡೀ ಮಾತು ಇದು. ದವಾಖಾನಿಯಲ್ಲಿ ಮಲಗಿದ್ದಳು. ನನ್ನ ಫೋನು ಬಡೀತು. ಗಿರಾಕಿ. “ಅಕ್ಕಾನೋರು ಎಲ್ಲಿ ಅದಾರ್ರಿ?” ಅಂದ. “ಈಗ ಬರ್ತಾಳ, ಅಂಗಡ್ಯಾಗ ಕುಂದರ್ರಿ” ಅಂದೆ. ಅಂಗಡಿಗೆ ಕೀಲಿ ಹಾಕಿ ಬಂದಿದ್ದೆ. ಅದಕ್ಕೇ ಆಕೆ ಹಾಂಗಂದಳು. ಅಂದು ನಕ್ಕಳು.

ಬೀದರಿನಲ್ಲಿ ನಮ್ಮದು ಕಂಪ್ಯೂಟರ್, ಟಿವಿ ರಿಪೇರಿ ಅಂಗಡಿ. ನಾನು ಒಳಗೆ ಸ್ಕ್ರೂ ಬಿಚ್ಚುವವ. ಆಕೆ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು ಮಂದಿ ಜೋಡಿ ಮಾತಾಡುವವಳು. ನಾನು ಸಾಲಿ ಕಲಿತದ್ದು ಕಮ್ಮಿ. ಮಾತು ಇನ್ನೂ ಕಮ್ಮಿ. ಆಕೆ ಹೋದ ಮೇಲೂ ಯಾರು ಕೇಳಿದರೂ ಬಾಯಿಗೆ ಅದೇ ಬರುತ್ತಿತ್ತು. ಈಗ ಬರ್ತಾಳ. ಆ ಸ್ಟೂಲಿನ ಮೇಲೆ ಕೂಡಲಿಕ್ಕೂ ಆಗುತ್ತಿರಲಿಲ್ಲ.

ಆದರೆ ಈ ಧಂದೆಯಲ್ಲಿ ನಗುವಂಥವು ಆಗೋದು ನಿಲ್ಲೋದಿಲ್ಲ. ಮನಿಯಲ್ಲಿ ಯಾರು ಇದ್ದರು, ಯಾರು ಹೋದರು, ಅದು ಕೇಳೋದಿಲ್ಲ.

ಡ್ರೈವರ್ ಸಿಗವಲ್ದು

ಔರಾದಿನಲ್ಲಿ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಚಹಾ ಹೋಟೆಲ್. ಮಾಲಕ ಭಾಳ ಶಾಣ್ಯಾ. ಗೋಡೆಗೆ ಟಿವಿ ಹಚ್ಚಿ, ಕಂಪ್ಯೂಟರ್ ಕೂಡಿಸಿ, ಬಸ್ಸಿನ ಟೈಮು ತೋರಿಸುತ್ತಿದ್ದ. ಟೈಮು ನೋಡಲಿಕ್ಕೆ ಬಂದವರು ಚಹಾ ಕುಡೀಲಿ ಅಂತ. ಒಂದು ದಿನ ಟೈಮು ಹೋಗಿ ಇಂಗ್ಲಿಷ್ ಬಂತು. ನನ್ನನ್ನು ಕರೆಸಿದ. ನಾನು ಹೋಗಿ ಟಿವಿ ಹಿಂದೆ ನಿಂತಿದ್ದೆ. ಕಾಲೇಜಿನ ಹುಡುಗಿಯೊಬ್ಬಳು ಪರದೆ ಓದಿ ಹೇಳಿದಳು, “ಡ್ರೈವರ್ ಸಿಗವಲ್ದಂತ.”

ಪರದೆ ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಅಂತಾರೆ. ಬಸ್ಸಿಗೆ ಕಾಯುವವರಿಗೆ ಅದು ಹ್ಯಾಂಗ ಗೊತ್ತಾಗಬೇಕು?

“ಯಾವ ಬಸ್ಸಿನಾಂವ?” ಬಸ್ಸಿಗೆ ಕಾಯುತ್ತಿದ್ದವನೊಬ್ಬ ಕೇಳಿದ.

“ಸಂತಪುರದಾಂವೇ ಇರಬೇಕು. ದಿನಾ ಇದೇ ನಾಟಕ ಅಂವಂದು.”

ಸಂತಪುರದ ಡ್ರೈವರ್ ಮೂಲೆಯಲ್ಲಿ ಕೂತು ಮಂಡಕ್ಕಿ ಸುಸಲಾ ತಿನ್ನುತ್ತಿದ್ದ. ಬಾಯಿ ತುಂಬ ಸುಸಲಾ ಇಟ್ಟುಕೊಂಡೇ ಎದ್ದ. “ಯಾಂವಲೇ ಅದನ್ನ ಬರದಾಂವ? ನಾ ಇಲ್ಲೇ ಅದೀನಲ್ಲ!”

“ಅದು ನೀವಲ್ರಿ, ಡಿಸ್‌ಪ್ಲೇ ಡ್ರೈವರ್” ಅಂದೆ.

“ಹಂಗಾದ್ರ ನನಗೇನು ಬಸ್ಸಿನಾಗ ಬರೇ ತೋರಿಸ್ಲಿಕ್ಕಿ ಕುಂದರಿಸ್ಯಾರೇನು?”

ಆ ಸಿಟ್ಟಿಗೆ ಟೈಮಿಗಿಂತ ಮೊದಲೇ ಬಸ್ ಬಿಟ್ಟ. ಡ್ರೈವರ್ ಇಲ್ಲ ಅಂತ ಬೈದವರೆಲ್ಲ ಕೆಳಗೇ ಉಳಿದರು.

ಬರುವೆನು, ಬರುವೆನು

ಭಾಲ್ಕಿ ಕಡೆ, ಹಲಬರ್ಗಾ ದಾಟಿ ಒಂದು ಸಣ್ಣ ಚರ್ಚು. ಹಾಡಿನ ಸಾಲು ಪರದೆ ಮೇಲೆ ಬರುವ ಹಾಂಗ ಒಂದು ಹಳೇ ಕಂಪ್ಯೂಟರ್ ಕೂಡಿಸಿ ಕೊಟ್ಟೆ. ಐತವಾರ ನಾನೂ ಹಿಂದೆ ನಿಂತು ನೋಡುತ್ತಿದ್ದೆ. ಮೊದಲ ಸಾಲು ಬಂತು. “ಬರುವೆನು ದೇವಾ, ಬರುವೆನು.” ಮಂದಿ ಹಾಡಿದರು. ಸಾಲು ಮುಂದೆ ಹೋಗಲಿಲ್ಲ. ಮತ್ತೆ ಹಾಡಿದರು. ಪರದೆ ಅಲ್ಲೇ. ಪಾಸ್ಟರ್ ನನ್ನ ಕಡೆ ನೋಡಿದರು. ನಾನು ಕಂಪ್ಯೂಟರಿನ ಕಡೆ ನೋಡಿದೆ. ಮಂದಿ ಹಾಡುತ್ತಲೇ ಇದ್ದರು, ಬರುವೆನು, ಬರುವೆನು.

ಮುಂದಿನ ಬೆಂಚಿನಲ್ಲಿ ವಯಸ್ಸಾದ ನರ್ಸಮ್ಮ ಒಬ್ಬರು ಕೂತಿದ್ದರು. ಕಡೀಗೆ ಅವರಿಗೆ ತಡೀಲಿಲ್ಲ.

“ಬರ್ತೇವಿ ಬರ್ತೇವಿ ಅಂತ ಎಷ್ಟೊತ್ತು ಹೇಳೂದ್ರಿ? ದೇವರು ಬಾಗಿಲ್ದಾಗ ಕಾಯ್ದು ಕಾಯ್ದು ಊಟಕ್ಕ ಹೋಗಿರ್ತಾನ!”

ಕೌಂಟರ್ ಎಲ್ಲದ?

ಚರ್ಚಿನ ಆ ಕಂಪ್ಯೂಟರ್ ಬೀದರಿಗೆ ತಂದೆ. ಬಿಚ್ಚಿದೆ, ಕೂಡಿಸಿದೆ. ಆಗಲಿಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಟೀಚರಬಾಯಿಯವರಿಗೆ ಫೋನ್ ಮಾಡಿದೆ. ಬರ್ತೇನಿ ಅಂದರು.

ಅವರಿಗಿಂತ ಮೊದಲು ಚಿಂತಾಕಿಯ ಅಜ್ಜ ಬಂದ. ಹಳೇ ಗಿರಾಕಿ. ಬಗಲಲ್ಲಿ ಸಣ್ಣ ಟಿವಿ. ಕೌಂಟರಿನ ಕಡೆ ನೋಡಿ, “ಅಕ್ಕಾನೋರು...” ಅಂತ ಬಾಯಿ ತೆಗೆದ.

“ಈಗ ಬರ್ತಾಳ, ಕುಂದರ್ರಿ” ಅಂದುಬಿಟ್ಟೆ.

ಅಜ್ಜ ನನ್ನ ಮುಖ ನೋಡಿದ. ಬೆಂಚಿನ ಮೇಲೆ ಕುಂತ.

ಟೀಚರಬಾಯಿ ಬಂದು ನೋಡಿದರು. “ಕಾಕಾ, ಇದರಾಗ ಕೌಂಟರೇ ಇಲ್ಲರಿ.”

“ಇದೇನ್ರಿ ಮತ್ತ?” ಅಂತ ನಾನು ಕೌಂಟರಿನ ಹಲಗೆ ಬಡಿದೆ.

“ಆ ಕೌಂಟರ್ ಅಲ್ಲ, ಎಣಸೂ ಕೌಂಟರ್! ಡ್ರೈವರ್ ಕೇಳ್ತದ, ಎಷ್ಟನೇ ಚಿತ್ರ ಆತು? ಪರದಿಗಿ ಚಿತ್ರ ಕಳಸೂ ಈ ಕಾರ್ಡಿಗಿ ಎಣಸ್ಲಿಕ್ಕಿ ಬರೂದಿಲ್ಲ. ಅದು ಸೊನ್ನಿ ಅಂತದ. ಮತ್ತ ಕೇಳಿದ್ರ ಮತ್ತ ಸೊನ್ನಿ. ಡ್ರೈವರ್ ಪಾಪ ನಂಬ್ತದ. ಇನ್ನಾ ಶುರುವೇ ಆಗಿಲ್ಲ, ಈಗ ಬರ್ತದ ಅಂತ ಕಾಯ್ಕೋತ ಕುಂದರ್ತದ.”

“ಏನ್ ಮಾಡಬೇಕ್ರಿ?”

“ಸೊನ್ನಿ ಅನಬಾರ್ದು. ಕೌಂಟರ್ ಇಲ್ಲ ಅಂತ ಸಾಫ್ ಹೇಳಬೇಕು. ಇಲ್ಲ ಅಂತ ತಿಳೀತಂದ್ರ ಡ್ರೈವರ್ ಗಡಿಯಾರ ನೋಡ್ಕೋತ ತಾನೇ ಮುಂದ ನಡೀತದ.”

ಹೇಳಿಕೊಟ್ಟರು. ಹಾಂಗೇ ಮಾಡಿದೆ. ಎರಡನೇ ಸಾಲು ಬಂತು. ಬೆಂಚಿನಿಂದ ಅಜ್ಜ, “ಬರೋಬರ್ ಅದ” ಅಂದ.

ಸಂಜೆ ತನಕ ಕೂತಿದ್ದ. ಬುತ್ತಿ ಬಿಚ್ಚಿ ಉಂಡ, ನನಗೂ ರೊಟ್ಟಿ ಕೊಟ್ಟ. ಕಡೀಗೆ ಎದ್ದು, “ಇವತ್ತು ಬರೂದಿಲ್ಲ ಕಾಣಸ್ತದ. ನಾಳಿ ಬರ್ತೇನಿ” ಅಂದ. ಟಿವಿ ಎತ್ತಿಕೊಂಡು ಬೀದರಿನಲ್ಲೇ ಇರುವ ಮಗಳ ಮನಿಗೆ ಹೋದ.

ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವುದಕ್ಕೂ ಅಂವ ಬರುವುದಕ್ಕೂ ಸರಿಹೋಯ್ತು. ಬಗಲಲ್ಲಿ ಅದೇ ಟಿವಿ. ಸೀದಾ ಹೋಗಿ ಬೆಂಚಿನ ಮೇಲೆ ಕುಂತ.

ನಾನು ಹೇಳಿದೆ. “ಅಜ್ಜಾ, ಆಕಿ ಬರೂದಿಲ್ಲ. ಇಲ್ಲ ಆಕಿ. ತೀರಕೊಂಡಾಳ.”

“ಗೊತ್ತದರಿ” ಅಂದ. “ಅಕ್ಕಾನೋರ ಮಣ್ಣಿಗಿ ಬಂದಿದ್ದೆ. ನಿಮ್ಮ ಬಾಜೂಕೇ ನಿಂತಿದ್ದೆ. ನಿನ್ನಿ ನಿಮಗ ಮಾತಾಡ್ಸಿ ಹೋಗಬೇಕಂತೇ ಬಂದೆ.”

“ಮತ್ತ ದಿನಪೂರ್ತಿ ಯಾಕ ಕುಂತ್ರಿ?”

“ನೀವೇ ಕುಂದರ್ರಿ ಅಂದ್ರಲ್ರಿ!” ಅಜ್ಜ ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡ. “ಮೊದಲಿಗಿ ನಿಮ್ಮ ಮನಸ್ಸಿಗಿ ಅಂತ ಕುಂತೆ. ಆಮ್ಯಾಲ ನೋಡ್ರಿ, ನೀವು ಹೇಳಿದ್ದು ಅಷ್ಟು ಖಾತ್ರಿಲಿಂದ, ಮಧ್ಯಾಹ್ನದ ಮ್ಯಾಲ ನಾ ಭಿ ಬಾಗಿಲ ಕಡೀನೇ ನೋಡಲಾಕತ್ತೆ!”

ನಾನು ನಕ್ಕೆ. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅಜ್ಜನೂ ನಕ್ಕ. ಆಮೇಲೆ ಕೌಂಟರಿನ ಹಿಂದೆ ಹೋದೆ. ಸ್ಟೂಲ್ ಎಳೆದುಕೊಂಡು ಕುಂತೆ. ನನಗದು ಸ್ವಲ್ಪ ಸಣ್ಣದು.

“ಹಾಂ, ಹೇಳ್ರಿ” ಅಂದೆ. “ಏನಾಗ್ಯಾದ ಟಿವಿಗಿ?”