ನಮ್ಮ ಭಾವನ ಸಿಸ್ಟಮ್ಮಿನಲ್ಲಿ ಬಿದ್ದ ಮಳೆ

ನಮ್ಮ ಭಾವನ ತೋಟದಲ್ಲಿ ಮಳೆ ಬಂದರೆ ಸಾಲದು, ಬಂದಿದೆ ಎಂದು ಕಂಪ್ಯೂಟರ್ ಒಪ್ಪಬೇಕು! ಅಲ್ಲಿಯವರೆಗೆ ನೀವು ತೊಯ್ದು ತೊಪ್ಪೆಯಾಗಿ ಅವರ ಜಗಲಿಯಲ್ಲೇ ನಿಂತಿದ್ದರೂ ನಂಬುವ ಪೈಕಿ ಅವರಲ್ಲ. "ಡಾಟಾ ಬರ್ಲಿ ಮಾರಾಯ, ನೋಡುವ" ಎನ್ನುತ್ತಾರೆ. ಇಂಥವರಿಗೆ ಅಕ್ಕನನ್ನು ಕೊಟ್ಟೆವಲ್ಲ ಎಂದು ನಮ್ಮ ಮನೆಯವರೆಲ್ಲ ಆಗಾಗ ಕೊರಗುವುದುಂಟು. ಅಕ್ಕನಿಗೆ ಮಾತ್ರ ಕೊರಗಲು ಪುರಸೊತ್ತಿಲ್ಲ, ನೆನೆದು ಬಂದವರಿಗೆ ಟವಲು ಹುಡುಕುತ್ತಿರುತ್ತಾಳೆ.

ಭಾವನ ಕಾಫಿ ತೋಟ ಮಲ್ಲಂದೂರಿನ ಹತ್ತಿರ. ನನ್ನದು ಆಲ್ದೂರಿನ ಕಡೆ ಸಣ್ಣ ಹಿಡುವಳಿ. ವಾರಕ್ಕೊಮ್ಮೆ ಅಕ್ಕನ ಮನೆಗೆ ಹೋಗಿ ಊಟ ಮಾಡಿ, ಭಾವನ ಹುಚ್ಚಾಟ ನೋಡಿ ಬರುವ ಭಾಗ್ಯ ನನ್ನದು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿನಲ್ಲಿ ಬೆಳೆಗಾರರಿಗೆಂದು ಮೂರು ದಿನದ ಶಿಬಿರ ನಡೆಯಿತು. ವ್ಯವಹಾರದಲ್ಲಿ ಮಾಹಿತಿ ವ್ಯವಸ್ಥೆ ಎಂಬುದು ಅದರ ವಿಷಯ. ಉಳಿದ ಬೆಳೆಗಾರರು ಮರ್ಯಾದೆಯಾಗಿ ಮಧ್ಯಾಹ್ನದ ಊಟ ಮುಗಿಸಿ ಮನೆಗೆ ಬಂದರು. ಭಾವ ಮಾತ್ರ ಮೂರು ದಿನವೂ ಮುಂದಿನ ಸಾಲಿನಲ್ಲಿ ಕೂತು, ಬರುವಾಗ ಒಂದು ಕಂಪ್ಯೂಟರನ್ನೇ ಜೀಪಿನಲ್ಲಿ ಹಾಕಿಕೊಂಡು ಬಂದರು.

ಅದಕ್ಕೊಂದು ಕೋಣೆ ಬೇಕಲ್ಲ! ಅಕ್ಕನ ಹೊಲಿಗೆ ಮಿಷನ್ ಜಗಲಿಗೆ ಬಿತ್ತು. ಕೋಣೆಯೊಳಗೆ ಚಪ್ಪಲಿ ಹಾಕಬಾರದು, ಸೀನಬಾರದು, ಒದ್ದೆ ಕೊಡೆ ತರಬಾರದು. ಎರಡು ದಿನ ಕಳೆಯಿತು. ಕಂಪ್ಯೂಟರಿಗೆ ಧೂಳು ಕೂರದಂತೆ ಒಂದು ಗವಸು ಬೇಕೆಂದು ಭಾವನಿಗೆ ಹೊಳೆಯಿತು. ಜಗಲಿಗೆ ತಳ್ಳಿದ ಅದೇ ಮಿಷನ್ನಿನಲ್ಲಿ ಅದನ್ನು ಅಕ್ಕನ ಕೈಯಲ್ಲೇ ಹೊಲಿಸಿದರು. ಮನುಷ್ಯನಿಗೆ ನಾಚಿಕೆ ಬೇಡವೇ?

ಆಮೇಲೆ ಶುರುವಾಯಿತು ಫಾರಂಗಳ ಕಾಟ. ಅದಕ್ಕೆ ಮುಂಚೆ ಸಂಜೆ ಮೇಸ್ತ್ರಿ ಅಂಗಳದಲ್ಲಿ ನಿಂತು, ಇವತ್ತು ಎಷ್ಟು ಆಳು ಬಂದರು, ಕೆಲಸ ಎಲ್ಲಿಗೆ ಮುಟ್ಟಿತು ಎಂದು ಎರಡು ನಿಮಿಷದಲ್ಲಿ ಹೇಳಿ ಹೋಗುತ್ತಿದ್ದ. ಈಗ ಹಾಗೆಲ್ಲ ಬಾಯಲ್ಲಿ ಹೇಳುವಂತಿಲ್ಲ. ಮೇಸ್ತ್ರಿ ಲೆಕ್ಕ ಬರೆಯುವ ರೈಟರಿಗೆ ಹೇಳಬೇಕು, ರೈಟರು ಫಾರಂ ತುಂಬಬೇಕು, ಅದನ್ನು ಡ್ರೈವರ್ ಮನೆಗೆ ತರಬೇಕು, ಭಾವ ಒಂದೊಂದೇ ಬೆರಳಿನಲ್ಲಿ ಟೈಪು ಮಾಡಬೇಕು, ಪ್ರಿಂಟರ್ ಕರಕರ ಎಂದು ಅಚ್ಚು ಹಾಕಬೇಕು. ಆ ಕಾಗದವನ್ನು ಕನ್ನಡಕ ಏರಿಸಿ ಓದಿ, ಏನೂ ಅರ್ಥವಾಗದೆ, ಭಾವ ಮೇಸ್ತ್ರಿಯನ್ನು ಅಂಗಳಕ್ಕೆ ಕರೆಸಿ ಇವತ್ತು ಏನಾಯಿತು ಎಂದು ಕೇಳುತ್ತಿದ್ದರು!

ಅಡುಗೆಮನೆಗೂ ಒಂದು ಫಾರಂ ಬಂತು. ಅಕ್ಕ ಅದರ ಷರಾ ಕಾಲಮ್ಮಿನಲ್ಲಿ ಸಕ್ಕರೆ ಮುಗಿದು ಮೂರು ದಿನವಾಯಿತು ಎಂದು ಬರೆದಳು. ಭಾವ ಅದನ್ನು ಶ್ರದ್ಧೆಯಿಂದ ಕಂಪ್ಯೂಟರಿಗೆ ಏರಿಸಿದರು. ಮರುವಾರ ನಾನು ಹೋದಾಗ ಕಾಫಿಗೆ ಬೆಲ್ಲ ಹಾಕಿದ್ದಳು. ಕೇಳಿದರೆ, "ಸಕ್ಕರೆ ಸಿಸ್ಟಮ್ಮಲ್ಲಿ ಉಂಟಂತೆ, ಡಬ್ಬಿಗೆ ಇನ್ನೂ ಬರ್ಲಿಲ್ಲ" ಎಂದಳು.

ಮನೆಯವರನ್ನು ಹೈರಾಣ ಮಾಡಿದ್ದು ಸಾಲದೆ ಹೊರಗಿನವರನ್ನೂ ಹಿಡಿದುಕೊಂಡರು. ನಮ್ಮ ಕಾಫಿಯೆಲ್ಲ ಹೋಗುವುದು ಬೀಜದ ಸಿಪ್ಪೆ ತೆಗೆದು ಹದ ಮಾಡುವ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿಗೆ. ಎಷ್ಟು ಮೂಟೆ ಹೊರಟಿತು ಎಂಬುದನ್ನು ಇನ್ನು ಮುಂದೆ ಇ-ಮೇಲಿನಲ್ಲೇ ತಿಳಿಸುತ್ತೇನೆ, ಎರಡೂ ಕಡೆಯ ಕಂಪ್ಯೂಟರ್‌ಗಳು ಪರಸ್ಪರ ಮಾತಾಡಿಕೊಳ್ಳಲಿ ಎಂದು ಭಾವ ಅವರಿಗೆ ತಾಕೀತು ಮಾಡಿದರು. ಫೋನ್ ಲೈನಿನಲ್ಲಿ ಕೀಚಲು ಸದ್ದು ಬಂದು ಬಂದು ಮುಕ್ಕಾಲು ಗಂಟೆಗೆ ಒಂದು ಮೇಲ್ ಹೋಗುತ್ತಿತ್ತು. ಹೋಯಿತೋ ಇಲ್ಲವೋ ಎಂಬ ಅನುಮಾನಕ್ಕೆ ಅದನ್ನೇ ಪ್ರಿಂಟ್ ತೆಗೆದು ಡ್ರೈವರ್ ಕೈಯಲ್ಲಿ ಜೀಪಿನಲ್ಲಿ ಕಳಿಸುತ್ತಿದ್ದರು. ಅಲ್ಲಿಯ ಗುಮಾಸ್ತ ಕಾಗದ ನೋಡಿ, ತನ್ನ ಹಳೇ ಪುಸ್ತಕದಲ್ಲಿ ಬರೆದುಕೊಂಡು, ಡ್ರೈವರಿಗೆ ಟೀ ಕುಡಿಸಿ ಕಳಿಸುತ್ತಿದ್ದ. ಕಂಪ್ಯೂಟರ್‌ಗಳು ಏನು ಮಾತಾಡಿಕೊಂಡವೋ ಗೊತ್ತಿಲ್ಲ, ಡ್ರೈವರ್ ಮತ್ತು ಗುಮಾಸ್ತ ಮಾತ್ರ ಬೀಗರಾಗುವಷ್ಟು ಹತ್ತಿರವಾದರು.

ಈ ಗಲಾಟೆಯಲ್ಲೆಲ್ಲ ನಗದೆ ಇದ್ದವರು ಒಬ್ಬರೇ, ರೈಟರ್ ಶೇಷಪ್ಪನವರು. ಭಾವನ ತಂದೆಯ ಕಾಲದಿಂದ ತೋಟದ ಲೆಕ್ಕಪತ್ರ ಬರೆದವರು. ಹೆಂಡತಿ, ನಾಲ್ಕು ಕೋಳಿ, ತೋಟದವರೇ ಕೊಟ್ಟ ಎರಡು ಕೋಣೆಯ ಮನೆ, ಇಷ್ಟೇ ಅವರ ಸಂಸಾರ. ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. "ಆ ಪೆಟ್ಗೆ ಬಂದ್ಮೇಲೆ ನಾನು ಎಂತಕ್ಕೆ ಅಂತ ಗೌಡ್ರಿಗೆ ಅನ್ಸಿದ್ರೆ? ಮನೆ ಬಿಡಿ ಅಂದ್ರೆ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ ಹೇಳಿ" ಎಂದರು. ನಾನು ಏನೋ ಸಮಾಧಾನ ಹೇಳಿದೆ. ಒಳಗೆ ನನಗೂ ಅದೇ ಭಯವಿತ್ತು. ತಪ್ಪು ಅಂಕಿ ಕೊಡುವವನು ತನ್ನ ತೋಟದಲ್ಲಿ ಒಂದು ದಿನವೂ ಇರಬೇಕಾಗಿಲ್ಲ ಎಂದು ಭಾವ ಎಲ್ಲರ ಮುಂದೆ ಸಾರುತ್ತಿದ್ದರು. ಯಂತ್ರವನ್ನು ನೋಡಿ ನೋಡಿ ಮನುಷ್ಯರನ್ನು ನೋಡುವುದನ್ನೇ ಮರೆತಿದ್ದಾರೆ ಎಂದು ನಾನು ಅಕ್ಕನ ಹತ್ತಿರ ಹಂಗಿಸಿದ್ದೂ ಉಂಟು.

ಇನ್ನು ಮಳೆಯ ವಿಷಯ. ನಮ್ಮ ಕಡೆ ಮಳೆಯನ್ನು ಅಳೆಯುವುದು ಇಂಚು, ಸೆಂಟ್ಸ್‌ಗಳಲ್ಲಿ. ನೂರು ಸೆಂಟ್ಸಿಗೆ ಒಂದು ಇಂಚು. ಬೇಸಿಗೆಯಲ್ಲಿ ಕಾಫಿ ಹೂವಿನ ಮಳೆ ಬಿದ್ದ ಮರುದಿನ ಬೆಳಗ್ಗೆ ಎಂಟಕ್ಕೆ ಪ್ರತಿ ತೋಟದ ರೈನ್‌ಗೇಜ್ ಮುಂದೆ ಒಬ್ಬ ಗಾಜಿನ ಅಳತೆ ಕೊಳವೆ ಹಿಡಿದು ನಿಂತಿರುತ್ತಾನೆ. ಎಂಟೂಕಾಲಕ್ಕೆ ಎಲ್ಲರ ಫೋನೂ ಎಂಗೇಜ್. ನಿಮ್ಮಲ್ಲಿ ಎಷ್ಟು, ನಮ್ಮಲ್ಲಿ ಇಷ್ಟು! ಹೆಂಡತಿ ಹೆರಿಗೆಗೆ ಹೋದಾಗಲೂ ಈ ಗಂಡಸರಿಗೆ ಅಷ್ಟು ಆತುರ ಇರಲಿಲ್ಲ. ಆದರೆ ಅದಕ್ಕೆ ಕಾರಣವಿದೆ. ಮಳೆ ಸಾಕಷ್ಟು ಬಿದ್ದರೆ ರೋಬಸ್ಟಾ ಕಾಫಿ ಹೂವು ಬಿಡುತ್ತದೆ. ಕಡಿಮೆ ಬಿದ್ದರೆ ಕೂಡಲೇ ಸ್ಪ್ರಿಂಕ್ಲರ್ ಓಡಿಸಿ ಉಳಿದದ್ದನ್ನು ನಾವು ತುಂಬಿಕೊಡಬೇಕು. ತಡವಾದರೆ ಮೊಗ್ಗು ಅರಳದೆ ಕರಟಿ ಹೋಗುತ್ತದೆ. ಭಾವನ ತೋಟದಲ್ಲಿ ಈ ಅಳತೆ ತೆಗೆಯುವವರು ಶೇಷಪ್ಪನವರು.

ಒಂದು ವರ್ಷ ಹೂವಿನ ಮಳೆ ಬಿತ್ತು. ಫಾರಂನಲ್ಲಿ ಸರಿಯಾಗಿ ಒಂದು ಇಂಚು ಎಂದಿತ್ತು. ಸಾಕು ಎಂದು ಕಂಪ್ಯೂಟರ್ ಹೇಳಿತು, ಆಚೀಚೆಯವರ ಫೋನಿಗೆ ಕಿವಿಗೊಡದೆ ಭಾವ ಸ್ಪ್ರಿಂಕ್ಲರ್ ಮುಟ್ಟಲಿಲ್ಲ. ವಾರ ಕಳೆದು ನೋಡಿದರೆ ತೋಟದ ಕೆಳಭಾಗದ ಗಿಡಗಳಲ್ಲಿ ಅರ್ಧ ಮೊಗ್ಗು ಕರಟಿತ್ತು. ಆಚೀಚೆ ತೋಟದವರಿಗೆಲ್ಲ ಬಿದ್ದದ್ದು ಅರವತ್ತು ಚಿಲ್ಲರೆ ಸೆಂಟ್ಸ್ ಮಾತ್ರ! ಭಾವ ಕೆಂಡವಾದರು. ಮೊದಲು ಪ್ರಿಂಟರಿನ ಮೇಲೆ ಅನುಮಾನ, ಆಮೇಲೆ ಕೀಬೋರ್ಡ್ ಮುಟ್ಟಿದ್ದೆನೆಂದು ನನ್ನ ಮೇಲೆ. ಕೊನೆಗೆ ಕೋಣೆ ಸೇರಿ ಹಿಂದಿನ ವರ್ಷಗಳ ಮಳೆಯನ್ನೆಲ್ಲ ತೆಗೆದು ಹರವಿಕೊಂಡು ಕೂತರು. ಮೂರನೆಯ ದಿನ ನನ್ನನ್ನು ಒಳಗೆ ಕರೆದರು.

"ಇಲ್ಲಿ ನೋಡು ಮಾರಾಯ. ಮೊದಲೆಲ್ಲ ಮೂವತ್ತೇಳು, ಅರವತ್ತೆರಡು, ಎಂಟು, ಹೀಗೆ ಬಂದಿದೆ. ಹೋದ ವರ್ಷದಿಂದ ಈಚೆ ಇಪ್ಪತ್ತೈದು, ಐವತ್ತು, ಎಪ್ಪತ್ತೈದು, ನೂರು. ಬೇರೆ ಇಲ್ಲವೇ ಇಲ್ಲ."

ಮಳೆಯೂ ನಿಮ್ಮ ಸಿಸ್ಟಮ್ಮಿಗೆ ಹೆದರಿ ಶಿಸ್ತು ಕಲಿತಿರಬೇಕು ಎಂದು ನಾನು ನಕ್ಕೆ. ಭಾವ ನಗಲಿಲ್ಲ. ಆಗ ನನಗೆ ಹೊಳೆಯಿತು. ಗಾಜಿನ ಮೇಲಿನ ಸಣ್ಣ ಗೆರೆಗಳು ಶೇಷಪ್ಪನವರಿಗೆ ಕಾಣುತ್ತಿಲ್ಲ. ಹೇಳಿದರೆ ಕೆಲಸ ಹೋಗುತ್ತದೆಂದು ಕಾಲು, ಅರ್ಧ, ಮುಕ್ಕಾಲು, ಒಂದು ಇಂಚು ಎಂದು ಅಂದಾಜಿಗೆ ಬರೆದಿದ್ದಾರೆ. ಮುಗಿಯಿತು ಮುದುಕನ ಕಥೆ, ಈಗ ಕರೆಸಿ ಮನೆ ಖಾಲಿ ಮಾಡಿ ಎನ್ನುತ್ತಾರೆ ಎಂದು ನಾನು ಜಗಳಕ್ಕೆ ಮಾತು ಜೋಡಿಸಿಕೊಳ್ಳತೊಡಗಿದೆ. ಭಾವ ಕಂಪ್ಯೂಟರ್ ಆರಿಸಿ, ಅಕ್ಕ ಹೊಲಿದ ಗವಸು ಹಾಕಿ, ಈ ವಿಷಯ ಹೊರಗೆ ಬೇಡ ಎಂದಷ್ಟೇ ಹೇಳಿ ಎದ್ದು ಹೋದರು.

ಮರುದಿನ ಕ್ಯೂರಿಂಗ್ ವರ್ಕ್ಸಿಗೆ ಕಾಗದ ಮುಟ್ಟಿಸಬೇಕು ಎಂಬ ನೆಪದಲ್ಲಿ ಶೇಷಪ್ಪನವರನ್ನು ಜೀಪಿನಲ್ಲಿ ಕೂರಿಸಿಕೊಂಡು ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರ ಬಳಿಗೆ ಹೋದರಂತೆ. ಕಣ್ಣಿನ ನರ ಸೋತಿದೆ, ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಮದ್ದು ಹಾಕಿ ಕಾಪಾಡಿಕೊಳ್ಳಬಹುದು ಎಂದರಂತೆ ಡಾಕ್ಟರು. ಇದನ್ನು ನನಗೆ ಹೇಳುವಾಗ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅದಾದ ಮೇಲಿನ ಮಳೆಗೆ ನಾನು ಅಲ್ಲೇ ಉಳಿದಿದ್ದೆ. ಬೆಳಗ್ಗೆ ಎಂಟಕ್ಕೆ ಜಗಲಿಯಿಂದ ನೋಡಿದರೆ ರೈನ್‌ಗೇಜ್ ಹತ್ತಿರ ಇಬ್ಬರು ನಿಂತಿದ್ದಾರೆ. ಭಾವ ಗಾಜಿನ ಕೊಳವೆಯನ್ನು ಬೆಳಕಿಗೆ ಎತ್ತಿ ಹಿಡಿದು ಬಹಳ ಹೊತ್ತು ದಿಟ್ಟಿಸಿದರು.

"ನಂಗೆ ನಲವತ್ಮೂರು ಅಂತ ಕಾಣ್ತದೆ ರೈಟ್ರೆ. ನನ್ನ ಕಣ್ಣು ಅಷ್ಟಕ್ಕಷ್ಟೆ. ನೀವೊಂದ್ಸಲ ನೋಡಿ ಹೇಳಿ."

ಶೇಷಪ್ಪನವರು ಬಾಗಿ ಕೊಳವೆಗೆ ಮುಖ ತಂದರು.

"ನಲವತ್ಮೂರೇ ಗೌಡ್ರೆ" ಎಂದರು.

"ನೀವು ನೋಡಿದ್ಮೇಲೆ ಆಯ್ತು. ಬರ್ಕೊಳ್ಳಿ."

ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡೆನಲ್ಲ ಎಂದು ನನಗೆ ನಾಚಿಕೆಯಾಯಿತು, ಓಡಿ ಹೋಗಿ ಕಾಲಿಗೆ ಬೀಳೋಣ ಎನಿಸುವಷ್ಟು ಪ್ರೀತಿಯೂ ಬಂತು. ಬೀಳಲಿಲ್ಲ ಬಿಡಿ. ಭಾವ ಒಳಗೆ ಬಂದು ಕಂಪ್ಯೂಟರ್ ಮುಂದೆ ಕೂತರು. ಮಳೆ ನಲವತ್ತಮೂರು ಎಂದು ಹೊಡೆದರು. ಅಳೆದವರು ಯಾರು ಎಂಬಲ್ಲಿ ಒಂದೊಂದೇ ಬೆರಳಿನಲ್ಲಿ, ಒಂದಕ್ಷರವೂ ತಪ್ಪದಂತೆ, ಶೇಷಪ್ಪ ಎಂದು ತುಂಬಿದರು.